ದೀಪವಿಲ್ಲದ ಅಂಗಳ

2 ನವೆಂಬರ್ 2024, ಶನಿವಾರ ರಾತ್ರಿ
ಮಂಗಳೂರು

ಬಲಿಪಾಡ್ಯಮಿ. ಬೀದಿಯಲ್ಲೆಲ್ಲ ಹಣತೆಗಳಿದ್ದರೂ ಪಕ್ಕದ ಅಂಗಳ ಕತ್ತಲು. ಆಗಸ್ಟಿನಲ್ಲಿ ಅಜ್ಜಿ ಹೋದರಲ್ಲ, ಆ ಮನೆಗೆ ಈ ವರ್ಷ ಹಬ್ಬವಿಲ್ಲ. ಹೋದ ವರ್ಷ ಬಲೀಂದ್ರನನ್ನು ಕರೆಯುವಾಗ ಮಗನ ‘ಕೂ’ ಸಾಲದೆಂದು ತಾವೂ ಸ್ವರ ಸೇರಿಸಿ, ಕೆಮ್ಮಿ, ನಕ್ಕಿದ್ದರು.

ಕಥೋಲಿಕರು ಸತ್ತವರನ್ನು ನೆನೆಯುವ ದಿನವೂ ಇಂದೇ. ಇವಳು ಬೆಳಗ್ಗೆಯೇ ಸೇವಂತಿಗೆ, ಮೇಣದಬತ್ತಿ ಹಿಡಿದು ತವರಿನ ಸಮಾಧಿಗಳಿಗೆ ಹೋಗಿ ಬಂದಳು. ಕಥೋಲಿಕ ಸೊಸೆಯ ಮೇಣದಬತ್ತಿಗೆ ಅಪ್ಪ ಇನ್ನೂ ಒಗ್ಗಿಲ್ಲ. ನಮ್ಮನ್ನು ಪ್ರೊಟೆಸ್ಟಂಟರಾಗಿಸಿದ ಬಾಸೆಲ್ ಮಿಷನ್ನಿನ ಕಾಲದ ಗಟ್ಟಿತನ ಅದು; ಸತ್ತವರಿಗಾಗಿ ಪ್ರಾರ್ಥಿಸುವ ರೂಢಿ ನಮ್ಮಲ್ಲಿಲ್ಲ. ಉಳಿದಿದ್ದ ಒಂದು ಬತ್ತಿಯನ್ನು ಬೆರಳಲ್ಲಿ ಹೊರಳಿಸುತ್ತ ಚಿಕ್ಕವಳು ಊಟದ ನಡುವೆ ಕೇಳಿದಳು:

“ಅಜ್ಜಾ, ಪಕ್ಕದ ಮನೆ ಅಜ್ಜಿ ನರಕದಲ್ಲಿದ್ದಾರೆಯೇ? ಯೇಸುವನ್ನು ನಂಬದವರೆಲ್ಲ ಅಲ್ಲಿಗೇ ಅಂತೆ.”

ಅಪ್ಪ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದರು. ನಾನು ಗದರಿದೆ. ಯಾಕೆ ಗದರಿದೆನೋ! ಕೇಳಬೇಕಾದದ್ದನ್ನೇ ಕೇಳಿತ್ತು ಮಗು. ‘ಅವಿಶ್ವಾಸಿಗಳು’ ಎಂದು ಬಹುವಚನದಲ್ಲಿ ಎಷ್ಟು ಪ್ರಸಂಗ ಕೇಳಿಲ್ಲ ನಾನು, ತೂಕಡಿಸುತ್ತ! ಅಮ್ಮ ಆಸ್ಪತ್ರೆಯಲ್ಲಿದ್ದ ನಲವತ್ತು ದಿನ ನಮಗೆ ಗಂಜಿ ತಂದುಕೊಟ್ಟ ಏಕವಚನ ಎದುರಿಗೆ ಬಂದಾಗ ಗಂಟಲು ಕಟ್ಟಿತು.

ಆಮೇಲೆ ಜಗಲಿಯಲ್ಲಿ ನಾನೇ ಮಾತು ತೆಗೆದೆ. ಇವಳು, ತನ್ನ ಕಾಲೇಜಿನ ದಿನಗಳ ನೆನಪಿನಿಂದ, ಕಥೋಲಿಕ ದೇವತಾಶಾಸ್ತ್ರಜ್ಞ ಕಾರ್ಲ್ ರಾನರ್ ಹೇಳಿದ ‘ಅನಾಮಧೇಯ ಕ್ರೈಸ್ತರ’ ಬಗ್ಗೆ ಹೇಳಿದಳು: ಕ್ರಿಸ್ತನ ಹೆಸರನ್ನೇ ಅರಿಯದವರಲ್ಲೂ ಅವನ ಕೃಪೆ ಕೆಲಸ ಮಾಡಬಹುದು. ಅಪ್ಪನಿಗೆ ನಗು ಬಂತು. “ದಿನಾ ಮಿಂದು ಕುಂಕುಮ ಇಟ್ಟವರನ್ನು ಕೇಳದೆಯೇ ನಮ್ಮ ಸಭೆಯ ಪಟ್ಟಿಗೆ ಸೇರಿಸುತ್ತೀಯಾ? ಅವರು ಬೈಯುತ್ತಾರೆ.” ಒಪ್ಪಬೇಕಾದ ಮಾತು. ಔದಾರ್ಯದಲ್ಲೂ ಒಂದು ಸೊಕ್ಕು ಇರುತ್ತದೆ.

ಸ್ಟಾಟ್ ಅವರ ಹೆಸರು ಎತ್ತಿದೆ. ಅಪ್ಪನ ಕಪಾಟಿನಲ್ಲಿ ಬೈಬಲಿನ ಪಕ್ಕದಲ್ಲೇ ಕೂರುವ ಇಂಗ್ಲೆಂಡಿನ ಸುವಾರ್ತಿಕ (ಇವಾಂಜೆಲಿಕಲ್) ಬೋಧಕ ಜಾನ್ ಸ್ಟಾಟ್ 1988ರಲ್ಲಿ, ನಿತ್ಯ ಯಾತನೆಯ ವಿಚಾರ ತನ್ನ ಹೃದಯಕ್ಕೆ ಸಹಿಸಲಾಗದ್ದು, ದುಷ್ಟರು ಕೊನೆಗೆ ಇಲ್ಲವಾಗಿಬಿಡುತ್ತಾರೆ ಎಂಬ ಅರ್ಥವೂ ಶಾಸ್ತ್ರಕ್ಕೆ ಹೊಂದುತ್ತದೆ ಎಂದಾಗ ಎಷ್ಟು ಸುವಾರ್ತಿಕರು ಸಿಡಿದೆದ್ದಿದ್ದರು!

“ಬಲ್ಲೆ,” ಎಂದರು ಅಪ್ಪ. “ಆದರೆ ಅಜ್ಜಿ ಇಲ್ಲವೇ ಇಲ್ಲ ಎಂದು ಮಗುವಿಗೆ ಹೇಳುವುದು ಸಮಾಧಾನವೋ?”

ಸುಮ್ಮನಾದೆ. ಸೊಳ್ಳೆ ಬೇರೆ.

ನಮ್ಮ ಸತ್ಯವೇದದ ಕನ್ನಡವೇ ಈ ಗಂಟನ್ನು ಬಿಗಿಗೊಳಿಸಿದೆಯೇನೋ. ಜೆರುಸಲೇಮಿನ ಹೊರಗಿನ ಹಿನ್ನೋಮ್ ಕಣಿವೆಯ ಹೆಸರಿನಿಂದ ಬಂದ, ಕೊನೆಯ ಶಿಕ್ಷೆಯ ‘ಗೆಹೆನ್ನ’ ನಮ್ಮಲ್ಲಿ ‘ನರಕ’ವಾಯಿತು. ಪುರಾಣಗಳ ನರಕದಲ್ಲಾದರೋ ಪಾಪ ಕಳೆದರೆ ಮರಳಿ ಹುಟ್ಟಬಹುದು, ಅದು ಕೊನೆಯಲ್ಲ. ಸತ್ತವರು ಕಾಯುವ ‘ಹೇಡೀಸ್’ ನಮ್ಮಲ್ಲಿ ‘ಪಾತಾಳ’, ಬಲಿ ಚಕ್ರವರ್ತಿಯ ಊರು. ಅವನು ಅಲ್ಲಿಂದ ವರ್ಷಕ್ಕೊಮ್ಮೆ ಮೇಲೆ ಬರುತ್ತಾನೆ, ಹೊಲಕ್ಕೆ ದೀಪ ಇಡುತ್ತಾರೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಆ ಪಾತಾಳವನ್ನೇ ಬೆಂಕಿಯ ಕೆರೆಗೆ ತಳ್ಳುತ್ತಾರೆ. ಕೆರೆ ಎಂದರೆ ನನಗೆ ಬಾಲ್ಯದಿಂದಲೂ ಎಮ್ಮೆಗಳೇ ಕಣ್ಣಿಗೆ ಬರುತ್ತವೆ, ಏನು ಮಾಡಲಿ.

ಏಳುವ ಮೊದಲು ಅಪ್ಪ ಜರ್ಮನಿಯ ಪಯಟಿಸ್ಟರ, ಅಂತರಂಗದ ಭಕ್ತಿಗೆ ಒತ್ತು ಕೊಡುವ ಪ್ರೊಟೆಸ್ಟಂಟರ, ಒಂದು ಮಾತು ಹೇಳಿದರು. ಕಾಲ್ವ್ ಊರಿನ ಪ್ರಕಾಶಕ ಕ್ರಿಸ್ಟಿಯಾನ್ ಗಾಟ್‌ಲೀಬ್ ಬಾರ್ತ್ ಹೇಳಿದನೆಂದು ಪ್ರತೀತಿ: ಕೊನೆಗೆ ಎಲ್ಲರೂ ದೇವರೆಡೆಗೆ ಮರಳುತ್ತಾರೆಂದು ನಂಬದವನು ಎತ್ತು, ಹಾಗೆಂದು ಬೋಧಿಸುವವನು ಕತ್ತೆ.

“ನೀವು ಯಾವುದು?”

“ಸಣ್ಣವನಿದ್ದಾಗಿನಿಂದ ಗಾಣದೆತ್ತು,” ಎಂದು ಹಲ್ಲುಸೆಟ್ಟು ತೆಗೆದಿಡಲು ಒಳಗೆ ಹೋದರು.

ಮಲಗುವ ಮುಂಚಿನ ಪ್ರಾರ್ಥನೆ. ಅಜ್ಜಿ ಹಾಸಿಗೆ ಹಿಡಿದಿದ್ದಾಗ ಅಪ್ಪ ದಿನವೂ ಅವರ ಹೆಸರು ಹಿಡಿದು ಬೇಡುತ್ತಿದ್ದರು: ಚಿಕ್ಕಪ್ಪನ ಸಕ್ಕರೆ ಕಾಯಿಲೆ ಆದ ಮೇಲೆ, ಮಕ್ಕಳ ಪರೀಕ್ಷೆಗೆ ಮೊದಲು. ಆಗಸ್ಟಿನ ನಂತರ ಆ ಹೆಸರು ಇಲ್ಲ. ಇಂದು ಚಿಕ್ಕಪ್ಪನದು ಮುಗಿಸಿ ನಿಂತುಬಿಟ್ಟರು. ಮರೆತರೇನೋ ಎಂದು ನಾನು ಕಣ್ಣು ಬಿಟ್ಟೆ. ತುಟಿ ಅಲುಗುತ್ತಿತ್ತು, ಸ್ವರ ಇರಲಿಲ್ಲ. ಆಮೇಲೆ ಪರೀಕ್ಷೆಗೆ ಬಂದರು.

ಬತ್ತಿ ಇನ್ನೂ ಊಟದ ಮೇಜಿನ ಮೇಲೆಯೇ ಇದೆ. ನಾಳೆ ಆರಾಧನೆಗೆ ಹೋಗುವಾಗ ಚಿಕ್ಕವಳು ಮತ್ತೆ ಕೇಳಿದರೆ