ಎಚ್‌ಐವಿ ಮತ್ತೆ ಮೆದುಳು
ನನ್ನ ಪಿಎಚ್‌ಡಿ ವಿಷಯ ಹೇಳಿದ್ರೆ ತುಂಬಾ ಜನ ಕೇಳೋದು, ಎಚ್‌ಐವಿಗೂ ಮೆದುಳಿಗೂ ಏನು ಸಂಬಂಧ ಅಂತ. ಇದೆ ರೀ, ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ವೈರಸ್ಸು ಬಿಳಿ ರಕ್ತಕಣಗಳ ಒಳಗೆ ಕೂತ್ಕೊಂಡು ಮೆದುಳಿನ ತಡೆಗೋಡೆ ದಾಟಿಬಿಡತ್ತೆ, ವಿಚಿತ್ರ ಅಂದ್ರೆ ನ್ಯೂರಾನ್‌ಗಳಿಗೆ, ಅಂದ್ರೆ ಮೆದುಳಿನ ನರಕೋಶಗಳಿಗೆ, ಅದು ನೇರವಾಗಿ ಸೋಂಕು ಹಚ್ಚೋದಿಲ್ಲ, ಅವನ್ನ ಕಾಯ್ಬೇಕಾದ ಮೈಕ್ರೋಗ್ಲಿಯಾ ಕೋಶಗಳಲ್ಲಿ ಸೇರ್ಕೊಂಡು ಉರಿಯೂತ ಎಬ್ಬಿಸತ್ತೆ, ಆ ಕಾಟಕ್ಕೆ ಪಕ್ಕದಲ್ಲಿರೋ ನ್ಯೂರಾನ್‌ಗಳು ಸೊರಗ್ತಾ ಹೋಗ್ತವೆ. 1996ರ ಸುಮಾರಿಗೆ ಕಾಂಬಿನೇಷನ್ ಚಿಕಿತ್ಸೆ (ಹಲವು ಎಚ್‌ಐವಿ ಔಷಧಿಗಳನ್ನ ಒಟ್ಟಿಗೆ ಕೊಡೋದು) ಬಂದ್ಮೇಲೆ ತೀವ್ರವಾದ ಡಿಮೆನ್ಷಿಯಾ, ಅಂದ್ರೆ ನೆನಪು, ಯೋಚನಾಶಕ್ತಿ ಕುಸಿಯೋದು, ತುಂಬಾ ಕಮ್ಮಿ ಆಗಿದೆ, ಅದು ನಿಜವಾಗ್ಲೂ ದೊಡ್ಡ ಗೆಲುವು. ಆದ್ರೆ ರಕ್ತದ ರಿಪೋರ್ಟಲ್ಲಿ ವೈರಸ್ಸೇ ಕಾಣದವರಲ್ಲೂ ಕೆಲವ್ರಿಗೆ ಮರೆವು, ಗಮನ ಜಾರೋದು ಉಳ್ಕೊಳ್ಳತ್ತೆ. ಅವರು ಹೀಗಾಗ್ತಿದೆ ಅಂದಾಗ ಟೆನ್ಷನ್ ಇರ್ಬೇಕು ಬಿಡಿ ಅಂತ ಯಾರೂ ತಳ್ಳಿಹಾಕ್ಬಾರ್ದು, ಥೀಸಿಸ್ ಮುಗಿಸೋದಕ್ಕಿಂತ ನಂಗೆ ಈಗ ಅದೇ ಮುಖ್ಯ ಅನ್ನಿಸ್ತಿದೆ.