ಹನಿ ಎಣಿಸಿದ ಬೆಳಗು

ಇವತ್ತು ಬೆಳಿಗ್ಗೆ ಕೊಂಡಜ್ಜಿ ಕೆರೆಯಲ್ಲಿ ನಮ್ಮ ದೋಣಿ ನೀರಿಗಿಳಿಯಿತು. ಪ್ಲೈವುಡ್ಡಿನ ಮೈ, ಹಳೇ ಇ-ಆಟೋದ ಮೋಟಾರು, 12 ವೋಲ್ಟಿನ ನಾಲ್ಕು ಬ್ಯಾಟರಿ. ಶಬ್ದವೇ ಇಲ್ಲ! ನೀರು ಸರಿಯೋದು ಮಾತ್ರ ಕೇಳಿಸುತ್ತಿತ್ತು.

ಹತ್ತು ನಿಮಿಷ ಆಗಿರಬಹುದು, ಪಾದ ತಣ್ಣಗಾಯಿತು. ನೋಡಿದರೆ ಶಾಫ್ಟ್, ಅಂದ್ರೆ ಮೋಟಾರಿನಿಂದ ನೀರಿನೊಳಗಿನ ಫ್ಯಾನು ತಿರುಗಿಸುವ ಕಂಬಿ, ಹೊರಗೆ ಹೋಗುವ ತೂತಿನಿಂದ ನೀರು ಸಣ್ಣ ದಾರದ ಹಾಗೆ ಒಳಗೆ ಬರುತ್ತಿದೆ. ಎದೆ ಧಸಕ್ ಅಂತು. ದಡಕ್ಕೆ ತಂದೆವು.

ಅಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದವರು. ಏನೂ ಮಾತಾಡದೆ ಚೀಲದಿಂದ ನೂಲು ತೆಗೆದರು. ಜಡೆ ಹಾಗೆ ಹೆಣೆದರು. ಗ್ರೀಸಿನಲ್ಲಿ ಚೆನ್ನಾಗಿ ನೆನೆಸಿ ಶಾಫ್ಟಿಗೆ ಮೂರು ಸುತ್ತು ಸುತ್ತಿ, ಮೇಲೆ ನಟ್ಟು ಕೂರಿಸಿದರು. ನಾನು ಸ್ಪಾನರ್ ಹಿಡಿದು ಇನ್ನೂ ಬಿಗಿ ಮಾಡಲು ಹೋದೆ. ಕೈ ಹಿಡಿದುಕೊಂಡರು.

"ಸಾಕು ಮಗಾ. ತಿರುಗುವಾಗ ಒಂದೊಂದು ಹನಿ ಬೀಳಬೇಕು. ಪೂರ್ತಿ ಬಿಗಿದರೆ ಶಾಫ್ಟ್ ಕಾದು ಸವೆದುಹೋಗ್ತದೆ. ಮಿಲ್ಲಿನ ಪಂಪಿಗೂ ಹಿಂಗೇ ಮಾಡ್ತಿದ್ವಿ."

ಸೋರೋದನ್ನ ನಿಲ್ಲಿಸೋದೇ ಕೆಲಸ ಅಂದುಕೊಂಡಿದ್ದೆ. ಎಷ್ಟು ಸೋರಬೇಕು ಅನ್ನೋದೂ ಒಂದು ಲೆಕ್ಕ, ಅಲ್ವಾ? ಮನೆಯಲ್ಲಿ, ಮಕ್ಕಳ ಹತ್ತಿರ, ನಾನು ಎಲ್ಲೆಲ್ಲಿ ನಟ್ಟು ಜಾಸ್ತಿ ಬಿಗಿದಿದ್ದೀನಿ ಅಂತ ಸುಮ್ನೆ ಯೋಚನೆ ಬಂತು.

ಮತ್ತೆ ನೀರಿಗೆ ಹೋದೆವು. ಜೋರಾಗಿ ಬಿಟ್ಟರೆ ಬ್ಯಾಟರಿ ಬೇಗ ಇಳಿಯುತ್ತದೆ. ವೇಗ ಎರಡರಷ್ಟಾಗಬೇಕಂದ್ರೆ ಶಕ್ತಿ ಸುಮಾರು ಎಂಟರಷ್ಟು ಬೇಕು, ನೀರು ಅಷ್ಟು ಎದುರು ನಿಲ್ಲುತ್ತದೆ. ಅದಕ್ಕೇ ನಿಧಾನವಾಗಿ ಒಂದು ಸುತ್ತು ಬಂದೆವು.

ಅಪ್ಪ ಮುಂದೆ ನೋಡಲೇ ಇಲ್ಲ. ಶಾಫ್ಟಿನ ಹತ್ತಿರ ಬಗ್ಗಿ ಕೂತು ಹನಿ ಎಣಿಸುತ್ತಿದ್ದರು.