ಮಲೆನಾಡಿನ ಉಡುಗೊರೆ ಡಬ್ಬಿ ಕಟ್ಟುವ ಮುಂಚೆ
ಚಿಕ್ಕಮಗಳೂರಿನ ಉಡುಗೊರೆ ಅಂದರೆ ಕಾಫಿಪುಡಿ ಇರಲೇಬೇಕು. ಮಾರಲು ಕಟ್ಟುವ ಒಂದು ಡಬ್ಬಿಗೆ 200 ಗ್ರಾಂ ಕಾಫಿಪುಡಿ, 50 ಗ್ರಾಂ ಕಾಳುಮೆಣಸು, 20 ಗ್ರಾಂ ಏಲಕ್ಕಿ ಸಾಕು. ರಟ್ಟಿನ ಡಬ್ಬಿ ಸೇರಿ ಅರ್ಧ ಕೆಜಿ ದಾಟದಿದ್ದರೆ ಕೊರಿಯರ್ ಖರ್ಚು ಹಿಡಿತದಲ್ಲಿರುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಕಾಫಿಯಲ್ಲೇ. ಹುರಿದ ಬೀಜ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಹುರಿದ ಕೂಡಲೇ ಪುಡಿಮಾಡಿ ಸೀಲ್ ಹಾಕಿದರೆ ಪೊಟ್ಟಣ ಉಬ್ಬಿ ಅಂಚು ಬಿಟ್ಟುಕೊಳ್ಳುತ್ತದೆ. ಬೀಜವನ್ನು ಒಂದೆರಡು ದಿನ ಬಿಟ್ಟು ಪುಡಿಮಾಡಿ, ಒಳಗಿನ ಅನಿಲವನ್ನು ಹೊರಬಿಡುವ ವಾಲ್ವ್ ಇರುವ ಪೌಚಿಗೆ ತುಂಬಿ. ಚಿಕೋರಿ ಬೆರೆಸುವುದಾದರೆ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು; ಎರಡರ ಪ್ರಮಾಣವನ್ನೂ ಲೇಬಲ್ಲಿನಲ್ಲಿ ಬರೆಯಲೇಬೇಕು. ತಿನ್ನುವ, ಕುಡಿಯುವ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಕಡ್ಡಾಯ. ಅದು ಕೈಗೆ ಬರುವ ತನಕ ಆರ್ಡರ್ ಹಿಡಿಯಬೇಡಿ.

ಏಲಕ್ಕಿ, ಮೆಣಸನ್ನು ಕೈಹೊಲಿಗೆಯ ಬಟ್ಟೆ ಚೀಲದಲ್ಲಿ ಕಟ್ಟಿದರೆ ಬಹಳ ಚೆಂದ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯೇ ತೇವ. ಬಟ್ಟೆ ಅದನ್ನು ಹೀರಿ ಒಳಗಿನ ಮಾಲಿಗೆ ಬೂಷ್ಟು ಹಿಡಿಸುತ್ತದೆ. ಹಾಗಾಗಿ ಒಳಗೆ ಸೀಲ್ ಮಾಡಿದ ಪೊಟ್ಟಣ, ಹೊರಗೆ ಬಟ್ಟೆ. ಏಲಕ್ಕಿಯ ಪೊಟ್ಟಣ ಸಡಿಲವಿದ್ದರೆ ಅದರ ವಾಸನೆ ಕಾಫಿಗೂ ಹತ್ತುತ್ತದೆ.

ಬೆಲೆ ಹಾಕುವಾಗ ಹೊಲಿಗೆಯ ಕೂಲಿಯನ್ನು ಮರೆಯಬೇಡಿ, ಹೊಲಿದವರು ಮನೆಯವರೇ ಆಗಿದ್ದರೂ.